ಸ್ಟೇಟ್ಸ್ ಟಾಕೀಸಿನಲ್ಲಿ ನೀರು ಬಂದವು

ನಮ್ಮ ಕಡೆಯಿಂದ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸು ಬೆಳಗಿನ ಹೊತ್ತಿಗೆ ಊರು ಹೊಕ್ಕಾಗ ಕಂಡಕ್ಟರ್ ಎದ್ದು ನಿಂತು ಕೂಗುತ್ತಾನೆ: “ಮೆಜೆಸ್ಟಿಕ್ ಬಂತು, ಏಳ್ರಿ!” ತಲೆಗೆ ಟವೆಲ್ ಸುತ್ತಿ ಮಲಗಿದ್ದವರು ಎದ್ದು ಚೀಲ ಹುಡುಕಿಕೊಳ್ಳುತ್ತಾರೆ. ಆ ನಿಲ್ದಾಣಕ್ಕೆ ಸರ್ಕಾರ ಇಟ್ಟ ಹೆಸರು ಕೆಂಪೇಗೌಡರದು. ಅದು ನಿಂತಿರುವ ನೆಲ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯ ಅಂಗಳ. ಊರು ಕಟ್ಟಿದವನ ಹೆಸರನ್ನಾಗಲಿ, ಊರಿಗೆ ನೀರು ಕೊಟ್ಟ ಕೆರೆಯ ಹೆಸರನ್ನಾಗಲಿ ಹಿಡಿಯದೆ ಜನ ಒಂದು ಸಿನಿಮಾ ಥೇಟರಿನ ಹೆಸರನ್ನು ಹಿಡಿದುಕೊಂಡರು. ಮೆಜೆಸ್ಟಿಕ್ ಎಂಬ ಆ ಥೇಟರು ಹೋಗಿ ಕಾಲವಾಯಿತು. ಹೆಸರು ಮಾತ್ರ ಬಸ್ಸಿನ ಹಲಗೆಯ ಮೇಲೆ, ಕಂಡಕ್ಟರನ ಬಾಯಲ್ಲಿ, ಮೆಟ್ರೋ ರೈಲಿನ ಕಾಲದಲ್ಲೂ ಉಳಿದುಕೊಂಡಿದೆ.

ಕಳೆದ ಸಲ ಹೋದಾಗ ಪಕ್ಕದಲ್ಲಿ ಕೂತಿದ್ದ ಹುಮನಾಬಾದಿನ ಹುಡುಗ ಕೇಳಿದ: “ಕಾಕಾ, ಮೆಜೆಸ್ಟಿಕ್ ಅಂದ್ರ ಯಾವ್ದರೀ ಏರಿಯಾ? ನಕಾಶದಾಗ ಬ್ಯಾರೇನೇ ಹೆಸರು ತೋರಸ್ತದ.” ನಾನು ಹೇಳಲು ಬಾಯಿ ತೆರೆದೆ. ಬಸ್ಸು ನಿಂತಿತು, ಅವನು ಇಳಿದುಹೋದ. ಅವನಿಗೆ ಹೇಳಬೇಕೆಂದಿದ್ದದ್ದನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ನಾರಾಯಣಪುರ, ಬಸವಕಲ್ಯಾಣದ ಪಕ್ಕದಲ್ಲೇ ಇದೆ. ಊರಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿವಾಲಯವೊಂದಿದೆ. ಅದರ ಹೊರಗೋಡೆಯ ಮೇಲೆ ನಿಂತ ಕಲ್ಲಿನ ಹೆಣ್ಣುಮಕ್ಕಳನ್ನು ನೋಡಲು ದೂರದಿಂದ ಜನ ಬರುತ್ತಾರೆ. ನಾವು ಚಿಕ್ಕವರಿದ್ದಾಗ ಅವರ ನೆರಳಿನಲ್ಲಿ ಗೋಲಿ ಆಡುತ್ತಿದ್ದೆವು. ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರ ಮಾನ್ಯಖೇಟದಿಂದ ರಾಜಧಾನಿಯನ್ನು ಕಲ್ಯಾಣಕ್ಕೆ ತಂದ. ಮುಂದಿನ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ ಬಸವಣ್ಣನವರು ಕನ್ನಡವನ್ನು ಬೀದಿಯ ಜನರ ಬಾಯಿಂದಲೇ ಎತ್ತಿಕೊಂಡು ದೇವರೊಡನೆ ಮಾತಾಡಿದರು. ಇಷ್ಟು ದೊಡ್ಡ ಹಿಂದಿನ ಕಥೆಯಿರುವ ನೆಲದಲ್ಲಿ ಹುಟ್ಟಿದ ನನ್ನ ಅಪ್ಪನಿಗೆ ಕನ್ನಡ ಓದಲು ಬರುತ್ತಿರಲಿಲ್ಲ.

ಇದರಲ್ಲಿ ಅಪ್ಪನ ತಪ್ಪೇನೂ ಇಲ್ಲ. ಅವರು ಶಾಲೆಗೆ ಹೋದದ್ದು ನಿಜಾಮರ ಕಾಲದಲ್ಲಿ. ಆಗ ಕಲಿಸುತ್ತಿದ್ದದ್ದು ಉರ್ದು. ದಫ್ತರದ ಕಾಗದ, ಜಮೀನಿನ ಪಹಣಿ, ಕೋರ್ಟಿನ ತೀರ್ಪು ಎಲ್ಲವೂ ಉರ್ದು. ಸಂತೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರ ಆಗಿನ ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ, ನಾರಾಯಣಖೇಡ ಆಂಧ್ರಕ್ಕೆ ಹೋದವು. ನಾವು ಮೈಸೂರು ರಾಜ್ಯಕ್ಕೆ ಬಂದೆವು. ಅದೇ ಹೊತ್ತಿಗೆ ಕಲ್ಯಾಣಿ ಎಂದು ಕರೆಸಿಕೊಳ್ಳುತ್ತಿದ್ದ ಊರು ಬಸವಕಲ್ಯಾಣವಾಯಿತು. ಅಪ್ಪ ಇದನ್ನೆಲ್ಲ ಹೀಗೆ ಹೇಳುತ್ತಿದ್ದರು: “ನಾವ್ ಕುಂತಲ್ಲೇ ಕುಂತಿದ್ದೀವಿ, ಸರಕಾರ ಮೂರು ಸಲ ಎದ್ದು ಹೋಗ್ಯಾವ.”

ಸರ್ಕಾರಗಳು ಎದ್ದು ಹೋದರೂ ಎದ್ದು ಹೋಗದ ಒಂದು ನಕಾಶೆ ಇತ್ತು. ಅದು ಸಿನಿಮಾ ವ್ಯಾಪಾರದ ನಕಾಶೆ. ಹಿಂದಿ ಚಿತ್ರಗಳನ್ನು ಹಂಚುವವರು ದೇಶವನ್ನು ತಮ್ಮದೇ ಪ್ರದೇಶಗಳನ್ನಾಗಿ ಭಾಗ ಮಾಡಿಕೊಂಡಿದ್ದರು. ಅದರಲ್ಲೊಂದರ ಹೆಸರು ‘ನಿಜಾಮ್’. ತೆಲಂಗಾಣದ ಜೊತೆಗೆ ಮರಾಠವಾಡ ಮತ್ತು ನಮ್ಮ ಹೈದರಾಬಾದ್ ಕರ್ನಾಟಕದ ಭಾಗಗಳು ಈ ಪ್ರದೇಶಕ್ಕೆ ಸೇರಿದ್ದವು. ನಿಜಾಮರ ಆಳ್ವಿಕೆ ಮುಗಿದು ದಶಕಗಳು ಕಳೆದರೂ ಸಿನಿಮಾದವರ ಲೆಕ್ಕದಲ್ಲಿ ನಾವು ನಿಜಾಮರ ಪ್ರಜೆಗಳಾಗಿಯೇ ಉಳಿದಿದ್ದೆವು. ರೀಲಿನ ಡಬ್ಬಿಗಳು ನಮಗೆ ಬರುತ್ತಿದ್ದದ್ದು ಹೈದರಾಬಾದ್, ಸೋಲಾಪುರದ ದಿಕ್ಕಿನಿಂದ. ಅವುಗಳಲ್ಲಿ ಹಿಂದಿ ಇರುತ್ತಿತ್ತು, ಮರಾಠಿ ಇರುತ್ತಿತ್ತು, ಅಲ್ಲೊಂದು ಇಲ್ಲೊಂದು ತೆಲುಗು. ಕನ್ನಡ ಚಿತ್ರ ಬರುವುದು ದೂರದ ಬೀಗರು ಬಂದ ಹಾಗೆ, ವರ್ಷಕ್ಕೊಮ್ಮೆ ಬಂದರೆ ಬಂತು. 1959ರಲ್ಲಿ ‘ಜಗಜ್ಯೋತಿ ಬಸವೇಶ್ವರ’ ಬಂತು. ಹೊನ್ನಪ್ಪ ಭಾಗವತರು ಬಸವಣ್ಣ, ರಾಜಕುಮಾರ್ ಬಿಜ್ಜಳ. ನಮ್ಮ ಕಲ್ಯಾಣದ ಕಥೆಯೇ ಆದರೂ ನಾನು ಅದನ್ನು ನೋಡಿದ್ದು ದೊಡ್ಡವನಾದ ಮೇಲೆ, ಟಿ.ವಿ.ಯಲ್ಲಿ.

ನಮಗೆ ಸಿನಿಮಾ ಎಂದರೆ ಡೇರೆ. ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಟೂರಿಂಗ್ ಟಾಕೀಸು ಬರುತ್ತಿತ್ತು. ಹಗಲು ಟಾಂಗಾಕ್ಕೆ ಮೈಕು ಕಟ್ಟಿ ಬಣ್ಣದ ಚೀಟಿ ತೂರುತ್ತ ಹೋಗುವರು, ಹಿಂದೆ ಓಡುವ ಹುಡುಗರಲ್ಲಿ ನಾನೂ ಒಬ್ಬ. ಹೊತ್ತು ಮುಳುಗಿದ ಮೇಲೆ ಡೇರೆಯ ಹಿಂದೆ ಎಂಜಿನ್ ಬಡಿದುಕೊಳ್ಳಲು ಸುರುಮಾಡುತ್ತಿತ್ತು. ನೆಲದ ಮೇಲೆ ಕೂಡುವವರಿಗೆ ಒಂದು ದರ, ಬೆಂಚಿಗೆ ಒಂದು, ಹಿಂದಿನ ಕುರ್ಚಿಗೆ ಒಂದು. ಗಂಡಸರಿಗೂ ಹೆಂಗಸರಿಗೂ ನಡುವೆ ಒಂದು ಬಟ್ಟೆ. ಯಂತ್ರ ಒಂದೇ ಇದ್ದುದರಿಂದ ಪ್ರತಿ ರೀಲು ಮುಗಿದಾಗಲೂ ದೀಪ ಹತ್ತಿ ಶೇಂಗಾ ಮಾರುವವನು ಒಳಗೆ ಬರುತ್ತಿದ್ದ. ಉರಿಯುವ ಕಾರ್ಬನ್ ಕಡ್ಡಿಯ ಬೆಳಕಿನಲ್ಲಿ ಸಿನಿಮಾ ತೋರಿಸುತ್ತಿದ್ದ ಕಾಲ ಅದು. ಕಡ್ಡಿ ಸರಿಯಾಗಿ ಸರಿಸದಿದ್ದರೆ ನಾಯಕಿಯ ಮುಖ ಕಪ್ಪಾಗುತ್ತಿತ್ತು, ನಾವು ಸಿಳ್ಳೆ ಹೊಡೆಯುತ್ತಿದ್ದೆವು. ಲೈಸನ್ಸಿನ ಅವಧಿ ತೀರಿದ ದಿನ ಡೇರೆ ಬಿಚ್ಚಿ ಲಾರಿಗೆ ಹಾಕಿಕೊಂಡು ಮುಂದಿನ ಊರಿಗೆ ಹೋಗುತ್ತಿದ್ದರು. ಬಸವಣ್ಣನವರ ನೆಲದವರಾದ ನಮಗೆ ಸ್ಥಾವರ, ಜಂಗಮ ಎಂಬ ಮಾತುಗಳು ಹಾಲಿನ ಜೊತೆಗೇ ಬಂದವು. ನಮ್ಮ ಸಿನಿಮಾ ಜಂಗಮ. ಬಂದಾಗ ಭಿಕ್ಷೆ ನೀಡಬೇಕು, ಹೋದಾಗ ಕೈಮುಗಿಯಬೇಕು. ಸಿನಿಮಾಕ್ಕೂ ಸ್ಥಾವರವಿರುತ್ತದೆ, ಕಂಬ ಗೋಪುರಗಳಿರುತ್ತವೆ ಎಂದು ನಾನು ತಿಳಿದದ್ದು ಬೆಂಗಳೂರಿಗೆ ಹೋದಾಗ.

ಬೆಂಗಳೂರಿನಲ್ಲಿ ಈ ಸ್ಥಾವರಗಳು ಎದ್ದ ಕಥೆಯನ್ನು ಸ್ವಲ್ಪ ಹೇಳಬೇಕು. ಕನ್ನಡದ ಮೊದಲ ಮಾತಾಡುವ ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಥೇಟರಿನಲ್ಲಿ ಬಿಡುಗಡೆಯಾಯಿತು. ನಿರ್ದೇಶಕರು ವೈ.ವಿ. ರಾವ್. ಹಣ ಹಾಕಿದವರು ಚಮನ್‌ಲಾಲ್ ಡೂಂಗಾಜಿ ಎಂಬ ವ್ಯಾಪಾರಿ. ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು, ತ್ರಿಪುರಾಂಬ ನಟಿಸಿದ್ದರು. ಚಿತ್ರ ತೆಗೆದದ್ದು ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಕನ್ನಡಕ್ಕೆ ತೆರೆಯ ಮೇಲೆ ಮೊದಲು ಬಾಯಿ ಬಂದದ್ದು ಮರಾಠಿ ನೆಲದಲ್ಲಿ ಎಂದು ತಿಳಿದಾಗ ನನಗೆ ಒಳಗೊಳಗೇ ಖುಷಿಯಾಗಿತ್ತು. ಕೊಲ್ಲಾಪುರ ಬೆಂಗಳೂರಿಗಿಂತ ನಮಗೇ ಹತ್ತಿರ. ಆ ಚಿತ್ರದ ಒಂದು ಪ್ರತಿಯೂ ಈಗ ಉಳಿದಿಲ್ಲ. ಪ್ಯಾರಾಮೌಂಟ್ ಥೇಟರೂ ಇಲ್ಲ. ಇದ್ದದ್ದಕ್ಕೆ ಸಾಕ್ಷಿ ಕಾಗದದ ಮೇಲೆ ಮಾತ್ರ.

ಮುಂದೆ ಚಿತ್ರಗಳು ಹೆಚ್ಚಿದವು. 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂದು ರಾಜಕುಮಾರರು ಮನೆಮಾತಾದರು. ರೈಲು ನಿಲ್ದಾಣಕ್ಕೂ ಮೈಸೂರು ಬ್ಯಾಂಕ್ ವೃತ್ತಕ್ಕೂ ನಡುವಣ ಕೆಂಪೇಗೌಡ ರಸ್ತೆ, ಅದರ ಅಕ್ಕಪಕ್ಕದ ಗಾಂಧಿನಗರ ಥೇಟರುಗಳ ಓಣಿಯಾಯಿತು. ಮೆಜೆಸ್ಟಿಕ್, ಸ್ಟೇಟ್ಸ್, ಸಾಗರ್, ಗೀತಾ, ಹಿಮಾಲಯ, ಪ್ರಭಾತ್, ಕೆಂಪೇಗೌಡ, ಅಲಂಕಾರ್... ರೈಲಿನಿಂದ ಇಳಿದವನು ಚೀಲ ಹಿಡಿದುಕೊಂಡೇ ಟಿಕೇಟಿನ ಸಾಲಿನಲ್ಲಿ ನಿಲ್ಲಬಹುದಿತ್ತು. ನಿರ್ಮಾಪಕರು, ಹಂಚಿಕೆದಾರರು ಗಾಂಧಿನಗರದ ಸಣ್ಣ ಸಣ್ಣ ಕೋಣೆಗಳಲ್ಲಿ ಕಚೇರಿ ಮಾಡಿಕೊಂಡಿದ್ದರು. ಹಾಗಾಗಿ ಒಂದು ಚಿತ್ರದ ಹಣೆಬರಹ ಇಲ್ಲಿಯೇ ತೀರ್ಮಾನವಾಗುತ್ತಿತ್ತು. ನಗರದ ಎಷ್ಟು ಕಡೆ ಚಿತ್ರ ಹಾಕಿದರೂ ಕೆಂಪೇಗೌಡ ರಸ್ತೆಯದೊಂದು ‘ಮೇನ್ ಥೇಟರ್’. ಅದರ ಮುಂದೆ ಎತ್ತರದ ಕಟೌಟು ನಿಲ್ಲಬೇಕು, ಅದಕ್ಕೆ ಹೂಮಾಲೆ ಬೀಳಬೇಕು, ‘ಹೌಸ್‌ಫುಲ್’ ಹಲಗೆ ತೂಗಬೇಕು. ನೂರು ದಿನ ಓಡಿತು ಎಂದರೆ ಆ ಥೇಟರಿನಲ್ಲಿ ಓಡಿತು ಎಂದೇ ಅರ್ಥ. ಒಳಗೆ ತೆರೆಯ ಮುಂದಿನ ಸಾಲುಗಳು ಗಾಂಧಿ ಕ್ಲಾಸು, ಮೇಲೆ ಬಾಲ್ಕನಿ. ಕತ್ತು ಮೇಲೆತ್ತಿ ನೋಡುವವನೂ ಕತ್ತು ಬಗ್ಗಿಸಿ ನೋಡುವವನೂ ನಗುವುದು ಒಂದೇ ಮಾತಿಗೆ.

ಈ ಓಣಿಗೆ ಹಿರಿಯಣ್ಣನಂತೆ ನಿಂತದ್ದು ಕಪಾಲಿ. ಸುಬೇದಾರ್ ಛತ್ರಂ ರಸ್ತೆಯಲ್ಲಿ ಕಟ್ಟಿದ ಈ ಥೇಟರನ್ನು 1968ರಲ್ಲಿ ಆಗಿನ ಉಪಪ್ರಧಾನಿ ಮೊರಾರ್ಜಿ ದೇಸಾಯಿಯವರು ಉದ್ಘಾಟಿಸಿದರು. ಒಳಗೆ 1400ಕ್ಕೂ ಹೆಚ್ಚು ಆಸನಗಳು. ಅದರ ಹೆಸರನ್ನು ದೂರದವರೆಗೆ ಒಯ್ದದ್ದು ಸಿನೆರಾಮಾ ತೆರೆ. ಸಿನೆರಾಮಾ ಎಂಬುದು 1952ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ತೋರಿಸಿದ ತಂತ್ರ. ಮನೆಮನೆಗೆ ಟಿ.ವಿ. ಬಂದು ಅಮೆರಿಕದ ಥೇಟರುಗಳು ಬಣಗುಡತೊಡಗಿದಾಗ, ಟಿ.ವಿ.ಗೆ ಸಾಧ್ಯವೇ ಆಗದಷ್ಟು ದೊಡ್ಡದನ್ನು ತೋರಿಸುತ್ತೇವೆ ಎಂದು ಅಲ್ಲಿಯವರು ಮೂರು ಯಂತ್ರಗಳಿಂದ ಮೂರು ಚಿತ್ರಗಳನ್ನು ಒಂದರ ಪಕ್ಕ ಒಂದು ಹೊಂದಿಸಿ, ಬಿಲ್ಲಿನಂತೆ ಒಳಕ್ಕೆ ಬಾಗಿದ ತೆರೆಯ ಮೇಲೆ ಬಿಟ್ಟರು. ನೋಡುವವನ ಕಣ್ಣಂಚಿನವರೆಗೂ ಚಿತ್ರವೇ. ಟಿ.ವಿ. ಇನ್ನೂ ಕಾಲಿಡದ ಬೆಂಗಳೂರಿಗೆ, ಟಿ.ವಿ.ಯನ್ನು ಎದುರಿಸಲು ಹುಟ್ಟಿದ ತೆರೆ ಮೊದಲೇ ಬಂದಿತ್ತು.

ಇನ್ನು ನನ್ನ ಕಥೆ. 1972ರಲ್ಲಿ ನಮ್ಮ ಕಡೆ ಮಳೆ ಕೈಕೊಟ್ಟಿತು. ಬೀದರ, ಗುಲಬರ್ಗಾ, ವಿಜಾಪುರ, ಗಡಿಯಾಚೆ ಮರಾಠವಾಡ, ಎಲ್ಲೆಲ್ಲೂ ಬರ. ಆ ಬರವನ್ನು ಕಂಡವರು ಇವತ್ತಿಗೂ ವಯಸ್ಸಿನ ಲೆಕ್ಕವನ್ನು ಅದರಿಂದಲೇ ಹಿಡಿಯುತ್ತಾರೆ. ಊರ ಮಂದಿ ಸರ್ಕಾರಿ ಕಾಮಗಾರಿಯಲ್ಲಿ ಕಲ್ಲು ಒಡೆಯಲು ಹೋದರು. ರೇಷನ್ನಿನಲ್ಲಿ ಬಂದ ಕೆಂಪು ಜೋಳದ ರೊಟ್ಟಿ ತಟ್ಟಿದರೆ ಹರಿಯುತ್ತಿತ್ತು, ತಿಂದರೆ ಗಂಟಲಲ್ಲಿ ನಿಲ್ಲುತ್ತಿತ್ತು. ನಮ್ಮ ಹೊಲದ ಬಾವಿ ಬತ್ತಿತು. ಅಪ್ಪ ಸಾಲ ತಂದು ಬಾವಿಯನ್ನು ಇನ್ನೂ ಆರು ಮೊಳ ಇಳಿಸಿದರು. ಮದ್ದು ಹಾಕಿ ಕರಿಕಲ್ಲು ಸಿಡಿಸಿದರು. ಕೆಳಗೆ ಕಲ್ಲಿನ ಕೆಳಗೆ ಕಲ್ಲು. ಸಂಜೆ ಬಾವಿಯ ದಂಡೆಯ ಮೇಲೆ ಕೂತು ಅಪ್ಪ ಒಳಗೆ ನೋಡುತ್ತಿದ್ದದ್ದು ನನ್ನ ಕಣ್ಣಲ್ಲಿ ಇನ್ನೂ ಇದೆ.

ಅದರ ನಡುವೆ ಜಮೀನಿನ ಒಂದು ತಕರಾರಿನ ಸಲುವಾಗಿ ಬೆಂಗಳೂರಿಗೆ ಹೋಗಬೇಕಾಯಿತು. 1973ರ ಫೆಬ್ರವರಿ. ನನಗಾಗ ಹದಿನೈದು. ಅಲ್ಲಿಯ ಹಲಗೆಗಳನ್ನು ಓದಿ ಹೇಳಲು ಯಾರಾದರೂ ಬೇಕಲ್ಲ, ಅದಕ್ಕೆ ಅಪ್ಪ ನನ್ನನ್ನು ಕರೆದುಕೊಂಡರು. ಅವ್ವ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಗುಲಬರ್ಗಾದವರೆಗೆ ಬಸ್ಸು, ಅಲ್ಲಿಂದ ರೈಲು. ಗುಂತಕಲ್ಲಿನಲ್ಲಿ ಇಳಿದು ಮೀಟರ್ ಗೇಜಿನ ಸಣ್ಣ ಗಾಡಿ ಹತ್ತಬೇಕು. ಬೆಂಗಳೂರು ಮುಟ್ಟುವಷ್ಟರಲ್ಲಿ ರೊಟ್ಟಿ ಹಪ್ಪಳವಾಗಿದ್ದವು. ನಿಲ್ದಾಣದ ಎದುರಿಗೇ ಗುಬ್ಬಿ ತೋಟದಪ್ಪನವರ ಛತ್ರ. 1903ರಿಂದ ಬಡವರಿಗೆ, ಓದುವ ಹುಡುಗರಿಗೆ ನೆರಳಾದ ಜಾಗ. ಅಲ್ಲಿ ಗಂಟು ಇಳಿಸಿದೆವು.

ಕಚೇರಿಯೊಂದರಲ್ಲಿ ಅಪ್ಪ ತಮ್ಮ ಕಾಗದಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಎಲ್ಲ ಉರ್ದು. ಅಲ್ಲಿದ್ದವರು ತಿರುಗಿಸಿ ಮುರುಗಿಸಿ ನೋಡಿ, ಇದನ್ನು ಓದುವವರು ನಾಳೆ ಬರುತ್ತಾರೆ, ನಾಳೆ ಬನ್ನಿ ಎಂದರು. ಅಪ್ಪ ಏನೋ ಹೇಳಿದರು. ಅವರು “ಏನಂತಾರೆ ಇವ್ರು?” ಎಂದು ನನ್ನನ್ನು ಕೇಳಿದರು. ಅಪ್ಪ ಹೇಳಿದ್ದು ಕನ್ನಡದಲ್ಲೇ. ನಾನು ಅದನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿರುಗಿಸಿ ಹೇಳಿದೆ. ಕನ್ನಡದಿಂದ ಕನ್ನಡಕ್ಕೆ ದುಭಾಷಿಯಾದದ್ದು ನನಗೆ ಆ ಹೊತ್ತಿಗೆ ಹೆಮ್ಮೆಯಾಗಿಯೇ ಕಂಡಿತ್ತೆಂದು ಒಪ್ಪಿಕೊಳ್ಳಬೇಕು.

ನಾಳೆಯವರೆಗೆ ಹೊತ್ತು ಕಳೆಯಬೇಕು. ಇಬ್ಬರೂ ನಡೆಯುತ್ತ ಕಪಾಲಿಯ ಮುಂದೆ ಬಂದೆವು. ಅಪ್ಪ ನಿಂತರು. ಮನೆ ಕಟ್ಟುವ ಗವಂಡಿ ನೋಡುವ ಹಾಗೆ ಈ ಮೂಲೆಯಿಂದ ಆ ಮೂಲೆಗೆ ಕಣ್ಣಾಡಿಸಿದರು. “ಇದರಾಗ ಎಷ್ಟ ಮಂದಿ ಹಿಡಸ್ತಾರೋ?” ಎಂದರು. ಕಾವಲಿನವನನ್ನು ಕೇಳಿ ಬಂದು ಹೇಳಿದೆ. “ನಮ್ಮೂರ ಮಂದಿ ಕೂಸು ಕುನ್ನಿ ಸಕಟ ಒಳಗ ಹೋಗಿ ಬಾಗಲಾ ಹಾಕ್ಕೋಬಹುದು ಹಂಗಾದ್ರ!” ಎಂದು ನಕ್ಕರು. ಬರದ ವರ್ಷದಲ್ಲಿ ಅಪ್ಪ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಆದರೆ ಅಂದು ಅಲ್ಲಿ ಕನ್ನಡ ಚಿತ್ರ ಇರಲಿಲ್ಲ. “ಹಿಂದಿ ನಮ್ಮೂರ ಜಾತ್ರ್ಯಾಗೂ ಸಿಗ್ತದ” ಎಂದು ಮುಂದೆ ನಡೆದರು.

ಕೆಂಪೇಗೌಡ ರಸ್ತೆಯಲ್ಲಿ ಸ್ಟೇಟ್ಸ್ ಟಾಕೀಸಿನ ಮುಂದೆ ಗದ್ದಲ. ಅಪ್ಪ ಮೇಲಿನ ಚಿತ್ರಪಟ ತೋರಿಸಿ “ಏನ ಬರದಾರೋ?” ಎಂದರು. ಓದಿ ಹೇಳಿದೆ: ಬಂಗಾರದ ಮನುಷ್ಯ. “ಬಂಗಾರದ ಮನಸ್ಯಾ? ಅಂತಂವ ಯಾವೂರಾಗ ಅದಾನ?” ಎಂದರು. ಸಾಲಿನಲ್ಲಿದ್ದವರೊಬ್ಬರು ಇದು ಒಕ್ಕಲುತನದ ಕಥೆ, ಹತ್ತು ತಿಂಗಳಿಂದ ಇದೇ ಥೇಟರಿನಲ್ಲಿ ಓಡುತ್ತಿದೆ, ನಾನು ನೋಡುತ್ತಿರುವುದು ನಾಲ್ಕನೆಯ ಸಲ ಎಂದರು. ಟಿ.ಕೆ. ರಾಮರಾಯರ ಕಾದಂಬರಿಯನ್ನು ಸಿದ್ದಲಿಂಗಯ್ಯನವರು ಚಿತ್ರ ಮಾಡಿದ್ದರು. 1972ರ ಮಾರ್ಚ್ 31ರಂದು ತೆರೆಕಂಡ ಅದು ಸ್ಟೇಟ್ಸ್‌ನಲ್ಲಿ ಎರಡು ವರ್ಷ ಓಡಿತು. ಪಟ್ಟಣ ಸೇರಿದ್ದ ಹುಡುಗರು ಅದನ್ನು ನೋಡಿ ಹೊಲಕ್ಕೆ ಮರಳಿದರೆಂಬ ಮಾತು ನಾಡಿನಲ್ಲೆಲ್ಲ ಹಬ್ಬಿತ್ತು. ಅಪ್ಪ ಸೊಂಟದ ಚೀಲ ಬಿಚ್ಚಿ ಎಣಿಸಿ, ಮುಂದಿನ ಸಾಲಿನ ಎರಡು ಟಿಕೇಟು ತೆಗೆದರು.

ಒಳಗೆ ಹೋದೆವು. ದೀಪ ಆರಿತು. ಎಂಜಿನ್ನಿನ ಸದ್ದಿಲ್ಲ, ರೀಲು ಮುಗಿದರೂ ಕತ್ತಲು ಹರಿಯುವುದಿಲ್ಲ. ಎರಡು ಯಂತ್ರಗಳಿರುವುದರಿಂದ ಒಂದು ನಿಲ್ಲುವಾಗ ಇನ್ನೊಂದು ಹಿಡಿದುಕೊಳ್ಳುತ್ತದೆಂದು ಮುಂದೆ ತಿಳಿಯಿತು. ತೆರೆಯ ತುಂಬ ಬಣ್ಣ. ಅದಕ್ಕಿಂತ ಹೆಚ್ಚಾಗಿ, ಎತ್ತರದ ಆ ಗೋಡೆಗಳ ನಡುವೆ ತುಂಬಿಕೊಂಡ ಕನ್ನಡ. ಅಷ್ಟು ದೊಡ್ಡ ದನಿಯಲ್ಲಿ ನನ್ನ ಭಾಷೆಯನ್ನು ನಾನು ಕೇಳಿರಲೇ ಇಲ್ಲ. ನಮ್ಮಲ್ಲಿ ಕನ್ನಡವೆಂದರೆ ಅವ್ವ ಒಲೆಯ ಮುಂದೆ ಆಡುವ ಮಾತು, ಗುಡಿಯ ಕಟ್ಟೆಯ ಮೇಲಿನ ಭಜನೆ. ದೊಡ್ಡ ದನಿಯಲ್ಲಿ ಮಾತಾಡಬೇಕಾದಾಗ, ಪೊಲೀಸರಾಗಲಿ ಪ್ರೇಮಿಗಳಾಗಲಿ, ಉರ್ದು ಹಿಂದಿಗೇ ಹೋಗುವುದು. ಇಲ್ಲಿ ನೂರಾರು ಮಂದಿ ಒಂದೇ ಸಲಕ್ಕೆ ಕನ್ನಡದ ಮಾತಿಗೆ ನಗುತ್ತಿದ್ದರು, ಮೂಗು ಒರೆಸಿಕೊಳ್ಳುತ್ತಿದ್ದರು. ನನ್ನ ಮೈ ಬಿಸಿಯಾಗಿತ್ತು.

ಕಥಾನಾಯಕ ರಾಜೀವ ಬರೀ ಕಲ್ಲುಬಂಡೆಯ ನೆಲವನ್ನು ಹಿಡಿದು ಹೊಲ ಮಾಡಲು ಹೊರಡುತ್ತಾನೆ. ಆಗದ ಕೆಲಸವೆನ್ನುತ್ತಾರೆ ಎಲ್ಲರೂ. ಅವನು ಬಿಡುವುದಿಲ್ಲ. ಆಳುಗಳ ಜೊತೆ ಕಲ್ಲು ಒಡೆಯುತ್ತಾನೆ. ಅಪ್ಪ ಕುರ್ಚಿಯಿಂದ ಮುಂದಕ್ಕೆ ಬಾಗಿದ್ದರು, ಎರಡೂ ಕೈ ಮೊಣಕಾಲನ್ನು ಹಿಡಿದಿದ್ದವು. ಕೊನೆಗೆ ಕಲ್ಲಿನ ನಡುವಿನಿಂದ ನೀರು ಚಿಮ್ಮಿತು. ಅಪ್ಪ ಎದ್ದು ನಿಂತೇ ಬಿಟ್ಟರು. ಹೊಲದಲ್ಲಿ ನಿಂತು ಆಚೆ ದಂಡೆಯವನನ್ನು ಕರೆಯುವ ದನಿಯಲ್ಲಿ ಕೂಗಿದರು: “ನೀರ ಬಂದವು! ನೀರ ಬಂದವು ನೋಡೋ ತಮ್ಮಾ!”

ಹಿಂದಿನ ಸಾಲಿನಲ್ಲಿ ನಗೆ ಎದ್ದಿತು. ಯಾರೋ ನನ್ನ ವಯಸ್ಸಿನವನೇ ಇರಬೇಕು, ಅದೇ ದನಿಯನ್ನು ಅಣಕಿಸಿ “ಬಂದವೂ...” ಎಂದು ಎಳೆದ. ಮತ್ತಷ್ಟು ನಗೆ. ಆ ನಗೆಯಲ್ಲಿ ಕೆಟ್ಟತನವೇನೂ ಇರಲಿಲ್ಲವೆಂದು ಈಗ ತೋರುತ್ತದೆ. ಗಾಂಧಿ ಕ್ಲಾಸಿನಲ್ಲಿ ಎಲ್ಲರೂ ಎಲ್ಲರನ್ನೂ ನಗುತ್ತಾರೆ. ಆದರೆ ಹದಿನೈದರ ನನಗೆ ಕಿವಿ ಸುಟ್ಟುಹೋದವು. ಅಪ್ಪನ ಅಂಗಿ ಹಿಡಿದು ಎಳೆದು, “ಸುಮ್ಮ ಕುಂಡ್ರು! ಮಂದಿ ನಗ್ತಾರ” ಎಂದೆ. ಅದೂ ಸಾಲದೆಂಬಂತೆ, ಪಕ್ಕದವನ ಕಡೆ ನೋಡಿ, ಈ ಮುದುಕ ಯಾರೋ ನನಗೆ ಗೊತ್ತಿಲ್ಲ ಎನ್ನುವ ಹಾಗೆ ನಕ್ಕೆ. ಅಪ್ಪ ಕೂತರು. ನನ್ನ ಆ ನಗೆಯನ್ನು ಅವರು ನೋಡಿದರೋ ಇಲ್ಲವೋ ಕತ್ತಲಲ್ಲಿ ತಿಳಿಯಲಿಲ್ಲ. ಚಿತ್ರ ಮುಗಿಯುವವರೆಗೂ ಅವರು ಒಂದು ಮಾತೂ ಆಡಲಿಲ್ಲ. ತನ್ನವರಿಂದಲೇ ನೋವು ತಿಂದ ರಾಜೀವ ಎಲ್ಲವನ್ನೂ ಬಿಟ್ಟು ಬರಿಗೈಯಲ್ಲಿ ನಡೆದುಹೋಗುವಾಗ ಥೇಟರಿಗೆ ಥೇಟರೇ ಅಳುತ್ತಿತ್ತು. ಅಪ್ಪ ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡರು.

ಕಚೇರಿಯ ಕೆಲಸ ಮರುದಿನವೂ ಆಗಲಿಲ್ಲ, ಬರಿಗೈಯಲ್ಲಿ ಊರಿಗೆ ಬಂದೆವು. ಅದೇ ವರ್ಷ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. ನಮ್ಮ ಬಾವಿಗೆ ಮುಂದಿನ ಮಳೆಗಾಲದಲ್ಲಿ ನೀರು ಬಂತು. ಬಂಡೆಯಿಂದ ಚಿಮ್ಮಿ ಬರಲಿಲ್ಲ, ಎಲ್ಲ ಬಾವಿಗಳಿಗೆ ಬರುವ ಹಾಗೆ ಸುಮ್ಮನೆ ಜಿನುಗಿ ಬಂತು.

ಆದರೆ ಅಪ್ಪ ಆ ಸಿನಿಮಾವನ್ನು ಬಿಡಲಿಲ್ಲ. ಶಿವಾಲಯದ ಕಟ್ಟೆಯ ಮೇಲೆ, ಹಂತಿ ಕಟ್ಟಿದ ಕಣದಲ್ಲಿ, ಮದುವೆಮನೆಯ ಚಪ್ಪರದಲ್ಲಿ ಕೇಳಿದವರಿಗೆಲ್ಲ ಹೇಳಿದರು. ಮೊದಲಿನಿಂದ ಕೊನೆಯವರೆಗೆ, ಹಾಡು ಎಲ್ಲಿ ಬರುತ್ತದೆ, ಯಾರು ಎಲ್ಲಿ ಅತ್ತರು, ಒಂದನ್ನೂ ಬಿಡದೆ. ಕಪಾಲಿಯ ಅಳತೆ, ಸ್ಟೇಟ್ಸ್‌ನ ಬಾಗಿಲು, ಕುರ್ಚಿ ಮಡಚಿಕೊಳ್ಳುವ ರೀತಿ, ಅದೂ ಕಥೆಯ ಭಾಗವೇ. ನೀರು ಚಿಮ್ಮುವಲ್ಲಿಗೆ ಬಂದಾಗ ಎದ್ದು ನಿಂತು ಹೇಳುವರು: “ನಾ ಎದ್ದೇ ನಿಂತೆ ನೋಡು, ನೀರ ಬಂದವು ಅಂತ ಒದರೇ ಬಿಟ್ಟೆ.” ಕೇಳುವವರು ನಗುವರು, ಅಪ್ಪನೂ ನಗುವರು. ನಾನು ಅಂಗಿ ಎಳೆದದ್ದನ್ನು ಅವರು ಎಂದೂ ಯಾರಿಗೂ ಹೇಳಲಿಲ್ಲ. ಅಲ್ಲೇ ಮೂಲೆಯಲ್ಲಿ ಕೂತು ಕೇಳುತ್ತಿದ್ದ ನನಗೆ ಪ್ರತಿ ಸಲವೂ, ಈ ಸಲ ಹೇಳುತ್ತಾರೆ ಎಂದು ಎದೆ ಡವಗುಟ್ಟುತ್ತಿತ್ತು. ಡೇರೆಯ ಜಂಗಮ ನಿಂತ ಮೇಲೂ ನಮ್ಮೂರಿನಲ್ಲಿ ‘ಬಂಗಾರದ ಮನುಷ್ಯ’ ಹೀಗೆ ಬಹಳ ವರ್ಷ ಓಡಿತು. ಆ ಥೇಟರನ್ನು ಕಣ್ಣಿಂದ ನೋಡದ ಮುದುಕಿಯರೂ ಅದರ ಮೆಟ್ಟಿಲು ಎಣಿಸಬಲ್ಲವರಾಗಿದ್ದರು. 1988ರಲ್ಲಿ ಅಪ್ಪ ತೀರಿಕೊಂಡರು.

ನಾನು ಕನ್ನಡದ ಮಾಸ್ತರನಾದೆ. ಬಂದವನ್ನು ಬಂದಿತು ಮಾಡುವುದೇ ನನ್ನ ಕಸಬು. ‘ನೀರು’ ಏಕವಚನ, ಆದ್ದರಿಂದ ‘ನೀರು ಬಂದಿತು’ ಎಂದು ಬರೆಯಬೇಕು, ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಅಪ್ಪ ತೀರಿಕೊಂಡ ಮರುವರ್ಷ ಒಬ್ಬ ಹುಡುಗಿ ಪ್ರಬಂಧದಲ್ಲಿ “ನಮ್ಮ ಬಾವಿಗೆ ನೀರು ಬಂದವು” ಎಂದು ಬರೆದಿದ್ದಳು. ಕೆಂಪು ಶಾಯಿಯ ಪೆನ್ನು ಆ ಮಾತಿನ ಮೇಲೆ ನಿಂತಿತು. ನಮ್ಮ ಕಡೆ ನೀರು ಹನಿಹನಿಯಾಗಿ, ಕೊಡಕೊಡವಾಗಿ ಬರುವಂಥದು. ಕಾಳನ್ನು ಹೇಗೆ ಎಣಿಸುತ್ತೇವೋ ಹಾಗೆ ನೀರನ್ನೂ ಎಣಿಸುವ ಜನ ನಾವು. ನಮ್ಮ ಬಹುವಚನ ವ್ಯಾಕರಣದ ತಪ್ಪೋ, ಬರದ ನೆಲದ ಮ‌ರ್ಯಾದೆಯೋ? ಆ ಹುಡುಗಿಯ ಸಾಲಿಗೆ ನಾನು ಗೆರೆ ಎಳೆಯಲಿಲ್ಲ. ಪರೀಕ್ಷೆಯಲ್ಲಿ ಹೇಗೆ ಬರೆಯಬೇಕೆಂದು ಪಕ್ಕದಲ್ಲಿ ಬರೆದೆ, ಮನೆಯಲ್ಲಿ ಹೀಗೆಯೇ ಅನ್ನು ಎಂದು ಕರೆದು ಹೇಳಿದೆ.

ಕಪಾಲಿಯ ಒಳಗೆ ನಾನು ಹೋದದ್ದು ಒಮ್ಮೆ ಮಾತ್ರ. ಪರೀಕ್ಷೆಯ ಪೇಪರು ತಿದ್ದಲು ಬೆಂಗಳೂರಿಗೆ ಹೋಗಿದ್ದೆ. 1995ರಲ್ಲಿ ಉಪೇಂದ್ರರ ‘ಓಂ’ ಬಂದಿತ್ತು. ಆ ಚಿತ್ರವನ್ನು ಕಪಾಲಿಯಲ್ಲಿ ಮತ್ತೆ ಮತ್ತೆ ಹಾಕುತ್ತಲೇ ಇದ್ದರು, ಮತ್ತೆ ಮತ್ತೆ ಜನ ತುಂಬುತ್ತಲೇ ಇದ್ದರು. ಅಂಥ ಒಂದು ದಿನ ಟಿಕೇಟು ಸಿಕ್ಕಿತು. ಚಿತ್ರಕ್ಕಿಂತ ಹೆಚ್ಚಾಗಿ ನಾನು ನೋಡಿದ್ದು ಆ ಕಟ್ಟಡವನ್ನು. ತಲೆ ತಿರುಗಿಸಿ ಹಿಂದೆ ನೋಡಿದೆ, ಬೆಳಕಿನ ಕೋಲು ತಲೆಯ ಮೇಲಿಂದ ಹೋಗುತ್ತಿತ್ತು, ಅದರ ಕೆಳಗೆ ಸಾಲು ಸಾಲು ಮುಖ. ನಮ್ಮೂರ ಮಂದಿ ಕೂಸು ಕುನ್ನಿ ಸಮೇತ ಕೂತ ಹಾಗೆ ಕಂಡಿತು.

ಸ್ಥಾವರ ಉರುಳಿದ ಕಾರಣ ಒಂದೆರಡಲ್ಲ. 1980ರ ದಶಕದಲ್ಲಿ ಟಿ.ವಿ., ವಿಡಿಯೋ ಬಂದವು. 1987ರಲ್ಲಿ ‘ರಾಮಾಯಣ’ ಸುರುವಾದ ಮೇಲೆ ಭಾನುವಾರ ಬೆಳಿಗ್ಗೆ ರಸ್ತೆಗಳೇ ಖಾಲಿಯಾದವು. 1994ರಲ್ಲಿ ಉದಯ ಟಿ.ವಿ. ಬಂದು ಕನ್ನಡ ಚಿತ್ರ ಮನೆಯೊಳಗೇ ಬಂದಿತು. ಆಮೇಲೆ ಮಾಲ್‌ಗಳೊಳಗೆ ಮಲ್ಟಿಪ್ಲೆಕ್ಸುಗಳು. ಸಾವಿರ ಕುರ್ಚಿಯ ಒಂದು ಥೇಟರಿಗೆ ಒಂದೇ ಚಿತ್ರ. ಅದು ಬಿದ್ದರೆ ವಾರವಿಡೀ ಖಾಲಿ. ನಾಲ್ಕೈದು ಸಣ್ಣ ಪರದೆಯವನು ಒಂದು ಬಿದ್ದರೆ ಇನ್ನೊಂದಕ್ಕೆ ಆಟ ಹೆಚ್ಚಿಸುತ್ತಾನೆ. ಎಲ್ಲಕ್ಕಿಂತ ದೊಡ್ಡದು ನೆಲದ ಬೆಲೆ. ಮೆಜೆಸ್ಟಿಕ್ಕಿನ ನೆಲ ಬಂಗಾರವಾದಾಗ ಅದರ ಮೇಲೆ ದಿನಕ್ಕೆ ನಾಲ್ಕು ಆಟ ಆಡಿಸುವುದು ಮಾಲೀಕರ ಲೆಕ್ಕಕ್ಕೆ ಬರಲಿಲ್ಲ. ಸಾಗರ್ ಹೋಯಿತು, ಪ್ರಭಾತ್ ಹೋಯಿತು, ಅಲಂಕಾರ್ ಹೋಗಿ ಅಂಗಡಿಗಳ ಕಟ್ಟಡಕ್ಕೆ ಹೆಸರು ಕೊಟ್ಟಿತು. ಸ್ಟೇಟ್ಸ್ ಹೆಸರು ಬದಲಿಸಿಕೊಂಡು ಭೂಮಿಕಾ ಆಯಿತು. 2017ರಲ್ಲಿ ಕಪಾಲಿಯನ್ನು ಕೆಡವಿದರು.

ಅದೇ 2017ರ ಅಕ್ಟೋಬರಿನಲ್ಲಿ ಬೀದರ–ಕಲಬುರಗಿ ರೈಲುಮಾರ್ಗ ಉದ್ಘಾಟನೆಯಾಯಿತು.  ನಮ್ಮವರು ಬೆಂಗಳೂರಿಗೆ ಸಲೀಸಾಗಿ ಹೋಗುವ ಹಾದಿ ತೆರೆಯುವ ಹೊತ್ತಿಗೆ ಅಲ್ಲಿ ಕಪಾಲಿ ಇರಲಿಲ್ಲ. ಮುಂದಿನ ಸಲ ಹೋದಾಗ ಆ ಜಾಗಕ್ಕೆ ಹೋಗಿ ನಿಂತೆ. ಸುತ್ತ ತಗಡಿನ ಗೋಡೆ. ಸಂದಿನಲ್ಲಿ ಕಣ್ಣಿಟ್ಟರೆ ಆಳವಾದ ಗುಂಡಿ, ಕೆಳಗೆ ಕಲ್ಲು, ಕಲ್ಲಿನ ನಡುವೆ ಸ್ವಲ್ಪ ನೀರು ನಿಂತಿತ್ತು. ಬಾವಿಯ ದಂಡೆಯ ಮೇಲೆ ಕೂತ ಅಪ್ಪನ ಹಾಗೆ ನಾನೂ ಎಷ್ಟೋ ಹೊತ್ತು ಒಳಗೆ ನೋಡುತ್ತ ನಿಂತಿದ್ದೆ. ಪಾದಚಾರಿಗಳು ನನ್ನನ್ನು ದಾಟಿ ಹೋಗುತ್ತಿದ್ದರು. ನನಗೆ ಒದರಬೇಕೆನಿಸಿತು. ಅಪ್ಪನಿಗಿದ್ದ ಧೈರ್ಯ ನನಗೆಲ್ಲಿಯದು? ಬಾಯೊಳಗೇ ಅಂದುಕೊಂಡೆ, ಅವರು ಅಂದ ಹಾಗೆಯೇ, ಬಹುವಚನದಲ್ಲಿ.